ಬಚ್ಚಲು ಎಲ್ಲಿ ಕೂರಿಸುವುದು?

(ಹಳೆಯ ಕಟ್ಟಡಗಳ ಬಗ್ಗೆ ಆಸಕ್ತಿ ಇರುವವರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತುಗಳಿವು. ಪರದೆಯ ಮೇಲೆ ಚಿತ್ರ ತೋರಿಸಿ ‘ಇಲ್ಲಿ ನೋಡಿ’ ಎಂದ ಕಡೆಗಳಲ್ಲಿ ಒಂದೆರಡು ವಾಕ್ಯ ಸೇರಿಸಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಹಳೆಯ ವಿಲ್ಲಾಗಳು ಹೋಟೆಲ್ ಆಗುವುದರ ಬಗ್ಗೆ ಮಾತಾಡಿ ಅಂದರು. ಒಪ್ಪಿಕೊಂಡ ಮೇಲೆ ಹೆದರಿಕೆಯಾಯಿತು. ನಾನು ಕಲೆಯ ಇತಿಹಾಸ ಓದಿದವನಲ್ಲ. ಹಳೆಯ ಕಟ್ಟಡಗಳಲ್ಲಿ ನೀರು ಎಲ್ಲಿಂದ ಬರಬೇಕು, ಎಲ್ಲಿಗೆ ಹೋಗಬೇಕು ಅಂತ ನೋಡುವ ಎಂಜಿನಿಯರ್. ಜೊತೆಯ ಆರ್ಕಿಟೆಕ್ಟುಗಳು ತಲೆ ಎತ್ತಿ ಚಾವಣಿಯ ಚಿತ್ರ ನೋಡುತ್ತಿದ್ದರೆ ನಾನು ಮಂಡಿಯೂರಿ ಮೋರಿ ಹುಡುಕುತ್ತಿರುತ್ತೇನೆ. ಹಾಗಾಗಿ ಇವತ್ತಿನ ಮಾತು ಬಚ್ಚಲಿನಿಂದ ಶುರುವಾಗುತ್ತದೆ. ಮುಗಿಯುವುದೂ ಬಹುಶಃ ಅಲ್ಲೇ.

ಇಟಲಿಯ ಈಶಾನ್ಯಕ್ಕೆ, ವೆನಿಸ್ಸಿನ ಬೆನ್ನಿಗೆ ಹರಡಿಕೊಂಡಿರುವ ವೆನೆತೊ ಅನ್ನುವ ಪ್ರಾಂತ್ಯ ಇದೆ. ಅಲ್ಲಿನ ಹಳ್ಳಿಗಾಡಿನಲ್ಲಿ ಹದಿನಾರನೇ ಶತಮಾನದ ವಿಲ್ಲಾವೊಂದು ಈಗ ಹೋಟೆಲ್ ಆಗಿದೆ. ಅಲ್ಲಿ ನಾಲ್ಕು ರಾತ್ರಿ ಉಳಿದಿದ್ದೆ. ಹೆಸರು ಬೇಡ. ಯಾಕೆಂದರೆ ಮೊದಲ ರಾತ್ರಿಯೇ ಆ ಮನೆಯಲ್ಲಿ ಕಾಲು ಒಡೆದುಕೊಂಡೆ.

ನಡುರಾತ್ರಿ ಎದ್ದು, ದೀಪ ಹಾಕುವ ಸೋಮಾರಿತನಕ್ಕೆ ಕತ್ತಲಲ್ಲೇ ಬಚ್ಚಲಿಗೆ ಹೊರಟೆ. ಹೊಸಿಲ ಹತ್ತಿರ ಹೆಬ್ಬೆರಳು ಕಲ್ಲಿಗೆ ಬಡಿಯಿತು. ಹೊಸಿಲಲ್ಲ, ಮೆಟ್ಟಿಲು. ಬಚ್ಚಲಿನ ನೆಲ ಕೋಣೆಯ ನೆಲಕ್ಕಿಂತ ಒಂದು ಗೇಣು ಮೇಲಿತ್ತು. ಬೆರಳು ಹಿಡಿದುಕೊಂಡು ಅಲ್ಲೇ ಕೂತೆ, ಒಂದೆರಡು ಬೈಗುಳವೂ ಬಂತು. ಆಮೇಲೆ ದೀಪ ಹಾಕಿ, ಕೈಯಲ್ಲೇ ಎತ್ತರ ಅಳೆದು ನೋಡಿದೆ. ನೋವಿನಲ್ಲೂ ಖುಷಿಯಾಯಿತು. ಇಲ್ಲಿ ಕೆಲಸ ಮಾಡಿದವರು ಕಸುಬು ಗೊತ್ತಿದ್ದವರು.

ಆ ಮೆಟ್ಟಿಲು ಯಾಕೆ ಅಂತ ಹೇಳುತ್ತೇನೆ. ಕಮೋಡಿನಿಂದ ಹೊರಡುವ ಕೊಳವೆಯ ದಪ್ಪ ಸುಮಾರು 11 ಸೆಂಟಿಮೀಟರ್. ಅದರೊಳಗಿನದ್ದು ತಾನಾಗಿ ಹರಿದುಹೋಗಬೇಕಾದರೆ ನಲವತ್ತಕ್ಕೆ ಒಂದರಂತೆ ಇಳಿಜಾರು ಕೊಡುವುದು ನಮ್ಮ ರೂಢಿ. ಹೊರಗೋಡೆ ನಾಲ್ಕು ಮೀಟರ್ ದೂರ ಇದ್ದರೆ 10 ಸೆಂಟಿಮೀಟರ್ ಇಳಿಯಬೇಕು. ಎರಡೂ ಸೇರಿದರೆ ಒಂದು ಗೇಣಿಗೆ ಹತ್ತಿರ. ಹೊಸ ಕಟ್ಟಡದಲ್ಲಾದರೆ ಇಷ್ಟನ್ನು ನೆಲದ ಕೆಳಗೆ ಅಡಗಿಸಿಬಿಡಬಹುದು. ಇಲ್ಲಿ ನೆಲದ ಕೆಳಗಿರುವುದು ಮರದ ತೊಲೆ. ಆ ತೊಲೆಗಳೇ ಕೆಳಗಿನ ಕೋಣೆಗೆ ಚಾವಣಿ, ಅವುಗಳ ಮೇಲೆಲ್ಲ ಬಣ್ಣದ ಚಿತ್ತಾರ. ತೊಲೆ ಕೊರೆಯುವ ಹಾಗಿಲ್ಲ, ಕೆಳಗಿನಿಂದ ಕೊಳವೆ ಇಳಿಬಿಡುವ ಹಾಗೂ ಇಲ್ಲ. ಉಳಿದದ್ದು ಒಂದೇ ದಾರಿ. ಹಳೆಯ ನೆಲವನ್ನು ಮುಟ್ಟದೆ ಅದರ ಮೇಲೊಂದು ಹಗುರವಾದ ಅಟ್ಟಣಿಗೆ ಕಟ್ಟಿ, ಅದರ ಹೊಟ್ಟೆಯೊಳಗೆ ಕೊಳವೆ ಓಡಿಸುವುದು. ನಾಳೆ ಈ ಹೋಟೆಲ್ ಮುಚ್ಚಿದರೆ ಅಟ್ಟಣಿಗೆ ಕಿತ್ತು ಹಾಕಬಹುದು. ಕೆಳಗಿನ ನೆಲ ಇದ್ದ ಹಾಗೇ ಇರುತ್ತದೆ.

ಆ ನೆಲದ ಬಗ್ಗೆಯೂ ಒಂದು ಮಾತು. ವೆನೆತೊದ ಹಳೆಯ ಮನೆಗಳಲ್ಲಿ ಸುಣ್ಣದ ಗಾರೆಗೆ ಇಟ್ಟಿಗೆ ಪುಡಿ, ಅಮೃತಶಿಲೆಯ ಚೂರು ಸೇರಿಸಿ ಹಾಸಿ, ಬಡಿದು, ದಿನಗಟ್ಟಲೆ ಉಜ್ಜಿ, ಕೊನೆಗೆ ಅಗಸೆ ಎಣ್ಣೆ ಕುಡಿಸಿ ನೆಲ ಮಾಡುತ್ತಿದ್ದರು. ಮರದ ತೊಲೆ ಬಾಗಿದರೆ ಇದೂ ಸ್ವಲ್ಪ ಬಾಗುತ್ತದೆ, ಬಿರುಕು ಬಿಟ್ಟರೆ ತೇಪೆ ಹಾಕಬಹುದು. ನನ್ನ ಕೋಣೆಯ ನೆಲ ನಡುವಿನಲ್ಲಿ ತಟ್ಟೆಯ ಹಾಗೆ ತಗ್ಗಾಗಿತ್ತು. ಪೆನ್ನು ಬಿದ್ದರೆ ಮಂಚದ ಕಡೆಗೆ ಉರುಳಿ ಬರುತ್ತಿತ್ತು.

ಇಷ್ಟೆಲ್ಲ ಪಾಡು ಯಾಕೆಂದರೆ, ಆ ಮನೆ ಕಟ್ಟಿದಾಗ ಅದರಲ್ಲಿ ಬಚ್ಚಲೇ ಇರಲಿಲ್ಲ. ಈಗಿನ ಅರ್ಥದ ಬಚ್ಚಲು ಇಲ್ಲ. ಹೂಜಿಯಲ್ಲಿ ನೀರು ಹೊತ್ತು ಆಳುಗಳು ಹಿಂದಿನ ಮೆಟ್ಟಿಲು ಹತ್ತಿ ಬರುತ್ತಿದ್ದರು, ಮಂಚದ ಕೆಳಗಿನ ಪಾತ್ರೆಯನ್ನು ಅದೇ ಮೆಟ್ಟಿಲಲ್ಲಿ ಇಳಿಸುತ್ತಿದ್ದರು. ಇಡೀ ಮನೆಯ ನೀರಿನ ವ್ಯವಸ್ಥೆ ಮನುಷ್ಯರ ತೋಳಿನ ಮೇಲೆ ನಡೆಯುತ್ತಿತ್ತು. ಒಂದು ಕುಟುಂಬಕ್ಕೆ ಅಂತ ಕಟ್ಟಿದ ಅಂಥ ಮನೆ ಹೋಟೆಲ್ ಆಗಬೇಕಾದರೆ ಹದಿನೈದೋ ಇಪ್ಪತ್ತೋ ಬಚ್ಚಲು ಬೇಕು. ಪ್ರತಿ ಕೋಣೆಗೂ ಅಂಟಿಕೊಂಡೇ ಬೇಕು. ನನ್ನ ಕಸುಬಿನವರಿಗೆ ಹಳೆಯ ವಿಲ್ಲಾದ ನಕ್ಷೆ ಕೈಗೆ ಬಂದರೆ ಮೊದಲು ಕಾಣುವ ಪ್ರಶ್ನೆ ಇದೇ: ಇಷ್ಟನ್ನು ಎಲ್ಲಿ ಕೂರಿಸುವುದು?

‘ವಿಲ್ಲಾ’ ಅಂದರೆ ಈಗ ಈಜುಕೊಳ ಇರುವ ಐಷಾರಾಮಿ ಮನೆ ಅಂತ ನಮ್ಮ ಕಿವಿಗೆ ಕೇಳುತ್ತದೆ. ಲ್ಯಾಟಿನ್ನಿನಲ್ಲಿ ಅದು ಹೊಲದ ನಡುವಿನ ಮನೆ. ವೆನೆತೊದಲ್ಲಿ ಈ ಮನೆಗಳು ಎದ್ದ ಕಾರಣವೂ ಹೊಲವೇ. ವೆನಿಸ್ ಸಮುದ್ರ ವ್ಯಾಪಾರದ ಊರು. 1498ರಲ್ಲಿ ಪೋರ್ಚುಗೀಸರು ಆಫ್ರಿಕಾ ಸುತ್ತಿ ಬರುವ ದಾರಿ ಕಂಡುಕೊಂಡ ಮೇಲೆ ಮೆಣಸಿನ ವ್ಯಾಪಾರದಲ್ಲಿ ಅದಕ್ಕೆ ಎದುರಾಳಿ ಹುಟ್ಟಿತು. 1509ರಲ್ಲಿ ವೆನಿಸ್ ಅನ್ಯದೆಲ್ಲೊ ಯುದ್ಧದಲ್ಲಿ ಸೋತು, ನೆಲದ ಮೇಲಿನ ರಾಜ್ಯವನ್ನೇ ಕಳೆದುಕೊಳ್ಳುವ ಸ್ಥಿತಿಗೆ ಬಂದು, ಆಮೇಲೆ ಅದರಲ್ಲಿ ಬಹುಪಾಲನ್ನು ಒಂದೊಂದಾಗಿ ಮರಳಿ ಪಡೆಯಿತು. ಅಲ್ಲಿಂದಾಚೆ ಶ್ರೀಮಂತ ಕುಟುಂಬಗಳು ಹಡಗಿನಿಂದ ಹೊಲದ ಕಡೆಗೆ ದುಡ್ಡು ತಿರುಗಿಸಿದವು. ಜೌಗು ಬಸಿದು ಸಾಗುವಳಿಗೆ ತರುವುದನ್ನು ನೋಡಿಕೊಳ್ಳಲು 1556ರಲ್ಲಿ ವೆನಿಸ್ ಒಂದು ಇಲಾಖೆಯನ್ನೇ ಮಾಡಿತು. ಭೂಮಿ ಬಂತು, ಗೋಧಿ ಬಂತು. ಯಜಮಾನ ಹತ್ತಿರ ಕೂತು ನೋಡಿಕೊಳ್ಳದಿದ್ದರೆ ಗೋಧಿ ಎಲ್ಲಿ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು.

ಆ ಯಜಮಾನರಿಗೆ ಮನೆ ಕಟ್ಟಿಕೊಟ್ಟವರಲ್ಲಿ ದೊಡ್ಡ ಹೆಸರು ಆಂದ್ರೆಯಾ ಪಲ್ಲಾದಿಯೊ. ಹುಟ್ಟಿದ್ದು 1508, ತೀರಿಕೊಂಡದ್ದು 1580. ಕಲ್ಲುಕುಟಿಗನಾಗಿ ಕೆಲಸ ಶುರುಮಾಡಿದವನು. ಅವನ ಮನೆಗಳ ಮುಂದೆ ನಿಂತರೆ ದೇವಸ್ಥಾನದಂಥ ಕಂಬಸಾಲು, ಮೇಲೆ ತ್ರಿಕೋನದ ಮುಖ. ಕಂಬ ಕಲ್ಲಿನದ್ದು ಅಂದುಕೊಳ್ಳುತ್ತೀರಿ. ಹೆಚ್ಚಿನವು ಇಟ್ಟಿಗೆಯವು, ಮೇಲೆ ಸುಣ್ಣದ ಗಿಲಾವು. ಅಕ್ಕಪಕ್ಕದಲ್ಲಿ ರೆಕ್ಕೆ ಚಾಚಿದ ಹಾಗೆ ಉದ್ದನೆಯ ಕಮಾನುಸಾಲು ಇರುತ್ತದೆ. ಅದಕ್ಕೆ ಅಲ್ಲಿ ‘ಬಾರ್ಕೆಸ್ಸ’ ಅಂತಾರೆ. ನೋಡಲು ಅರಮನೆಯ ಪ್ರಾಕಾರದಂತಿದ್ದರೂ ಅದು ಗಾಡಿ, ನೇಗಿಲು, ದನ, ಹುಲ್ಲು ಇಡುವ ಜಾಗ. ಯಜಮಾನ ಮಳೆಯಲ್ಲಿ ನೆನೆಯದೆ ಎಲ್ಲ ಕಡೆ ಓಡಾಡಿ ನೋಡಬಹುದು. ಮನೆಯ ತೀರಾ ಮೇಲೆ, ಮಾಡಿನ ಅಡಿಯಲ್ಲಿ, ಸಣ್ಣ ಸಣ್ಣ ಕಿಟಕಿಗಳ ತಗ್ಗು ಅಂತಸ್ತು. ಅಲ್ಲಿ ಕಾಳು. ಅಂದರೆ ಯಜಮಾನ ಮಲಗುತ್ತಿದ್ದದ್ದು ಕಣಜದ ಕೆಳಗೆ.

ನನಗೆ ಕೊಟ್ಟದ್ದು ಆ ಕಣಜದ ಕೋಣೆ. ದುಬಾರಿಯವು ಕೆಳಗಿನ ಅಂತಸ್ತಿನಲ್ಲಿದ್ದವು. ನಾನು ತಲೆ ತಗ್ಗಿಸಿ ಒಳಗೆ ಹೋಗಬೇಕಿತ್ತು, ಕಿಟಕಿ ಮೊಣಕಾಲಿನ ಮಟ್ಟಕ್ಕಿತ್ತು. ಮಲಗಿ ನೋಡಿದರೆ ಮಾತ್ರ ಹೊಲ ಪೂರ್ತಿ ಕಾಣುತ್ತಿತ್ತು. ಕಾಳಿಗೆ ಗಾಳಿ ಆಡಲಿ ಅಂತ ಇಟ್ಟ ಕಿಟಕಿ, ಅದಕ್ಕೆ ನೋಟದ ಚಿಂತೆ ಯಾಕೆ?

ಆಮೇಲಿನ ಕಥೆ ಬೇಗ ಹೇಳಿಬಿಡುತ್ತೇನೆ. ಹದಿನೆಂಟನೇ ಶತಮಾನದ ಹೊತ್ತಿಗೆ ಹೊಲ ನೋಡುವ ನೆಪ ಹೋಗಿ ಬೇಸಿಗೆಯ ಮೋಜು ಮಾತ್ರ ಉಳಿಯಿತು. ಸಾಲ ಮಾಡಿಯಾದರೂ ಹಳ್ಳಿಮನೆಗೆ ಹೋಗುವ ಈ ಹುಚ್ಚನ್ನು ಗೇಲಿ ಮಾಡಿ ನಾಟಕಕಾರ ಗೊಲ್ದೋನಿ 1761ರಲ್ಲಿ ಮೂರು ನಾಟಕ ಬರೆದ. 1797ರಲ್ಲಿ ನೆಪೋಲಿಯನ್ ಬಂದ, ವೆನಿಸ್ ಗಣರಾಜ್ಯ ಮುಗಿಯಿತು. ಎಷ್ಟೋ ಮನೆಗಳ ದೊಡ್ಡ ಹಜಾರಗಳಲ್ಲಿ ಮತ್ತೆ ಕಾಳು, ಹುಲ್ಲು ತುಂಬಿತು. ಅಟ್ಟದಲ್ಲಿ ರೇಷ್ಮೆಹುಳು ಸಾಕಿದರು. ಎರಡನೇ ಮಹಾಯುದ್ಧದ ನಂತರ 1952ರಲ್ಲಿ ಜುಸೆಪ್ಪೆ ಮಜ್ಜೊತ್ತಿ ಅನ್ನುವವರು ತ್ರೆವೀಸೊ ಊರಿನಲ್ಲಿ ಈ ವಿಲ್ಲಾಗಳ ದುಃಸ್ಥಿತಿ ತೋರಿಸುವ ಪ್ರದರ್ಶನ ನಡೆಸಿದರು. ಆಗ ಜನರ ಕಣ್ಣು ಅತ್ತ ಹೊರಳಿತು.

ಈಗ ವೆನೆತೊ ಸುತ್ತಮುತ್ತ ನಾಲ್ಕು ಸಾವಿರಕ್ಕೂ ಹೆಚ್ಚು ವಿಲ್ಲಾಗಳ ಪಟ್ಟಿ ಇದೆ. ಅದರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ 1994ರಲ್ಲೂ 1996ರಲ್ಲೂ ಸೇರಿದವು 24. ಎಲ್ಲವೂ ಪಲ್ಲಾದಿಯೊನವು. ಇಪ್ಪತ್ತನಾಲ್ಕಕ್ಕೆ ಪ್ರಪಂಚವೇ ಇದೆ. ಮಿಕ್ಕವುಗಳ ಮಾಡು ಸೋರಿದರೆ ಯಾರು ಹಂಚು ಕಟ್ಟಿಸಬೇಕು?

1964 ಅನ್ನುವ ವರ್ಷ ನನಗೆ ಇಲ್ಲಿ ಬಹಳ ಮುಖ್ಯ ಅನಿಸುತ್ತದೆ. ಆ ವರ್ಷ ಇಟಲಿಯಲ್ಲಿ ಬೆಳೆಯಲ್ಲಿ ಪಾಲು ಕೊಡುವ ಗೇಣಿ ಕರಾರುಗಳನ್ನು ಹೊಸದಾಗಿ ಮಾಡಿಕೊಳ್ಳಬಾರದು ಅಂತ ಕಾನೂನು ಬಂತು. ದುಡಿಯುವವರು ಅದಾಗಲೇ ಕಾರ್ಖಾನೆಗಳ ಕಡೆ ಹೊರಟಿದ್ದರು. ಹೊಲದ ಮನೆಗಳು ಖಾಲಿಯಾಗುತ್ತಿದ್ದವು. ಅದೇ ವರ್ಷ ವೆನಿಸ್ಸಿನಲ್ಲಿ ಸಂರಕ್ಷಣೆಯ ಪರಿಣತರು ಸೇರಿ ಒಂದು ಸನ್ನದು ಬರೆದರು. ವೆನಿಸ್ ಸನ್ನದು ಅಂತಲೇ ಹೆಸರು. ಅದರ ಐದನೇ ಕಲಮು ಹೇಳುವುದೇನೆಂದರೆ, ಸಮಾಜಕ್ಕೆ ಉಪಯೋಗವಾಗುವ ಯಾವುದಾದರೂ ಕೆಲಸಕ್ಕೆ ಕಟ್ಟಡವನ್ನು ಬಳಸಿದರೆ ಅದನ್ನು ಉಳಿಸುವುದು ಸುಲಭ, ಆದರೆ ಹಾಗೆ ಬಳಸುವಾಗ ಅದರ ವಿನ್ಯಾಸವನ್ನೂ ಅಲಂಕಾರವನ್ನೂ ಬದಲಿಸಬಾರದು. ಒಂಬತ್ತನೆಯದು ಇನ್ನೂ ಬಿಗಿ: ಊಹೆ ಶುರುವಾಗುವ ಕಡೆ ದುರಸ್ತಿ ನಿಲ್ಲಬೇಕು. 1985ರಲ್ಲಿ ಇಟಲಿಯೇ ಕೃಷಿ ಪ್ರವಾಸಕ್ಕೆ ಕಾನೂನು ಮಾಡಿ, ರೈತರು ಅತಿಥಿಗಳನ್ನು ಇಳಿಸಿಕೊಳ್ಳಬಹುದು, ಆದರೆ ಬೇಸಾಯವೇ ಮುಖ್ಯ ಕಸುಬಾಗಿರಬೇಕು ಅಂದಿತು. ಖಾಲಿ ಮನೆ, ಬಳಸಿ ಅನ್ನುವ ಸಲಹೆ, ಬದಲಿಸಬೇಡಿ ಅನ್ನುವ ಎಚ್ಚರಿಕೆ. ಮೂರನ್ನೂ ಒಟ್ಟಿಗೆ ಹಿಡಿದುಕೊಂಡು ಹದಿನೈದು ಬಚ್ಚಲು ಕಟ್ಟಬೇಕು.

ಹೇಗೆ ಕಟ್ಟುತ್ತಾರೆ? ಹಳೆಯ ಹೊಗೆಗೂಡಿನೊಳಗೆ ಕೊಳವೆ ಇಳಿಸುತ್ತಾರೆ. ಹೊಗೆ ಹೋಗುತ್ತಿದ್ದ ದಾರಿಯಲ್ಲಿ ನೀರು ಹೋದರೆ ಗೋಡೆ ಕಡಿಯುವ ಕೆಲಸ ತಪ್ಪಿತು. ಆಳುಗಳ ಹಿಂದಿನ ಮೆಟ್ಟಿಲ ಪಕ್ಕದ ಕತ್ತಲೆ ಕೋಣೆಗಳು ಸಿಕ್ಕರೆ ಪುಣ್ಯ. ಚಿತ್ರ ಬರೆದ ಕೋಣೆಯಾದರೆ ನಡುವೆ ದೊಡ್ಡ ಬೀರುವಿನ ಹಾಗೆ ಒಂದು ಡಬ್ಬಿ ನಿಲ್ಲಿಸುತ್ತಾರೆ. ಗೋಡೆಗೂ ತಾಗದು, ಚಾವಣಿಗೂ ತಾಗದು, ಒಳಗೆ ಸ್ನಾನ. ಅತಿಥಿಗಳಿಗೆ ಇದು ವಿಚಿತ್ರ, ‘ಕೋಣೆಯೊಳಗೆ ಲಿಫ್ಟ್ ಇಟ್ಟ ಹಾಗಿದೆ’ ಅಂತ ನಗುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ಮರ್ಯಾದಸ್ಥ ಬಚ್ಚಲು ಇನ್ನೊಂದಿಲ್ಲ. ಇನ್ನು ಸ್ನಾನದ ತೊಟ್ಟಿ. ಅದರಲ್ಲಿ ನೂರೈವತ್ತು ಲೀಟರ್ ನೀರು, ತೊಟ್ಟಿಯ ತೂಕ, ಮನುಷ್ಯನ ತೂಕ ಎಲ್ಲ ಸೇರಿದರೆ ಮುನ್ನೂರು ಕಿಲೊ ದಾಟುವುದು ಸುಲಭ. ಒಂದು ಚಾಪೆಯಷ್ಟು ಜಾಗದ ಮೇಲೆ, ನಾನೂರು ವರ್ಷದ ತೊಲೆಯ ಮೇಲೆ. ಮೇಲಂತಸ್ತಿನಲ್ಲಿ ತೊಟ್ಟಿ ಇಲ್ಲ ಅಂದರೆ ಜಿಪುಣತನ ಅಂದುಕೊಳ್ಳಬೇಡಿ.

ಭಾರಕ್ಕಿಂತ ದೊಡ್ಡ ಶತ್ರು ಆವಿ. ಮಲಗಿದ ಒಬ್ಬ ಮನುಷ್ಯನ ಉಸಿರು, ಬೆವರಿನಿಂದಲೇ ರಾತ್ರಿಯೊಂದಕ್ಕೆ ಕಾಲು ಲೀಟರಿನಷ್ಟು ನೀರು ಗಾಳಿಗೆ ಸೇರುತ್ತದೆ. ಮೇಲೆ ಬಿಸಿನೀರ ಸ್ನಾನ. ಆ ಆವಿ ತಣ್ಣನೆಯ ಗೋಡೆಗೆ ತಾಗಿ ಹನಿಯಾಗುತ್ತದೆ. ಸುಣ್ಣದ ಗಿಲಾವು ಅದನ್ನು ಹೀರಿಕೊಂಡು, ಗಾಳಿ ಒಣಗಿದಾಗ ನಿಧಾನ ಬಿಟ್ಟುಕೊಡುತ್ತದೆ. ಅದಕ್ಕೇ ಸುಣ್ಣದ ಗೋಡೆ ಉಸಿರಾಡುತ್ತದೆ ಅನ್ನುವುದು. ಆದರೆ ನೀರು ಬಂದು ಹೋಗುವಾಗಲೆಲ್ಲ ಗೋಡೆಯೊಳಗಿನ ಉಪ್ಪು ಕರಗಿ, ಮತ್ತೆ ಹರಳುಗಟ್ಟಿ, ಮೇಲಿನ ಪದರವನ್ನು ಒಳಗಿನಿಂದ ತಳ್ಳುತ್ತದೆ. ಆ ಪದರದಲ್ಲೇ ಚಿತ್ರ ಇರುವುದು. ಮಾಸೆರ್ ಹಳ್ಳಿಯಲ್ಲಿ ಪಲ್ಲಾದಿಯೊ ಕಟ್ಟಿದ ವಿಲ್ಲಾ ಬಾರ್ಬರೊ ಇದೆ, ಒಳಗೆಲ್ಲ ವೆರೊನೇಸೆ ಅನ್ನುವ ಚಿತ್ರಕಾರನ ಭಿತ್ತಿಚಿತ್ರ. ಗೋಡೆಯ ಮೇಲೆ ಬರೆದ ಬಾಗಿಲೊಂದನ್ನು ಅರ್ಧ ತೆರೆದು ಪುಟ್ಟ ಹುಡುಗಿ ಇಣುಕುತ್ತಾಳೆ. ನೋಡಲು ಬಂದವರು ಷೂ ಮೇಲೆ ದಪ್ಪ ಉಣ್ಣೆಬಟ್ಟೆಯ ಚಪ್ಪಲಿ ತೊಟ್ಟು, ನೆಲ ಸವರಿಕೊಂಡು ನಡೆಯಬೇಕು. ಅದು ನೋಡಿ ಹೋಗುವ ಜಾಗ. ನಾವು ಮಲಗಿ, ಮಿಂದು, ಒದ್ದೆ ಟವೆಲು ಒಣಹಾಕುವ ಜಾಗದ ಮಾತಾಡುತ್ತಿದ್ದೇವೆ.

ಈಗ ಒಂದು ತಪ್ಪೊಪ್ಪಿಗೆ. ಬಹಳ ವರ್ಷದ ಹಿಂದೆ, ಇನ್ನೊಂದು ದೇಶದಲ್ಲಿ, ಇಂಥದ್ದೇ ಇನ್ನೊಂದು ಹಳ್ಳಿಮನೆಯ ಹೋಟೆಲಿನಲ್ಲಿ ಉಳಿದಿದ್ದೆ. ಹೊರಡುವಾಗ ಅತಿಥಿಗಳ ಪುಸ್ತಕ ಮುಂದೆ ಇಟ್ಟರು. ‘ಮಂಚದ ಹಿಂದಿನ ಗೋಡೆ ತೇವ, ಕೋಣೆಯಲ್ಲಿ ಮಣ್ಣಿನ ವಾಸನೆ, ಬಿಸಿನೀರು ತಡ’ ಅಂತ ಬರೆದೆ. ದಸ್ಕತ್ತಿನ ಕೆಳಗೆ ಎಂಜಿನಿಯರ್ ಅಂತಲೂ ಬರೆದುಕೊಂಡೆ. ಕೆಲವು ವರ್ಷ ಬಿಟ್ಟು ಮತ್ತೆ ಹೋದೆ. ಅದೇ ಕೋಣೆ. ಗೋಡೆ ಥಳಥಳ ಅನ್ನುತ್ತಿತ್ತು. ಸೊಂಟದ ಮಟ್ಟದವರೆಗೆ ಸಿಮೆಂಟು, ಮೇಲೆ ತೊಳೆಯಬಹುದಾದ ಪ್ಲಾಸ್ಟಿಕ್ ಬಣ್ಣ. ನೆಲದಿಂದ ಏರುವ ತೇವಕ್ಕೆ ಮೊದಲು ಹೊರಬರುವ ದಾರಿ ಇತ್ತು, ಅದನ್ನು ಮುಚ್ಚಿದ್ದರಿಂದ ಅದು ಸಿಮೆಂಟಿನ ಹಿಂದೆಯೇ ಏರಿ, ಎದೆಯ ಮಟ್ಟದಲ್ಲಿ ಹೊರಬಂದಿತ್ತು. ಅಲ್ಲಿ ಬಿಳಿ ಉಪ್ಪಿನ ಹೂವು, ಉದುರುವ ಸುಣ್ಣ. ನನ್ನೊಬ್ಬನ ಬರಹದಿಂದ ಹಾಗಾಯಿತು ಅನ್ನುವಷ್ಟು ದೊಡ್ಡವನಲ್ಲ ನಾನು. ಆದರೆ ಆ ಪುಸ್ತಕದಲ್ಲಿ ನನ್ನಂಥವರು ಎಷ್ಟು ಜನ ಬರೆದಿದ್ದರೋ! ಹೋಟೆಲಿನವರು ಅತಿಥಿಗಳ ಮಾತು ಕೇಳಿದ್ದಾರೆ, ಅಷ್ಟೇ. ಆ ಗೋಡೆಗೆ ಬೇಕಿದ್ದದ್ದು ಹೊರಗಡೆ ಮಳೆನೀರು ದೂರ ಹರಿಯುವ ಕಾಲುವೆ, ಒಳಗಡೆ ಸುಣ್ಣ. ಎಂಜಿನಿಯರ್ ಅಂತ ಬರೆದವನು ಇದನ್ನು ಬರೆಯಬಹುದಿತ್ತು.

ಬಿಸಿನೀರು ತಡ ಅಂದೆನಲ್ಲ, ಅದರ ಲೆಕ್ಕವೂ ಹೇಳಿಬಿಡುತ್ತೇನೆ. ಬಾಯ್ಲರನ್ನು ಬೆಂಕಿಯ ಭಯಕ್ಕೆ ಮುಖ್ಯ ಮನೆಯಿಂದ ದೂರ, ಹಳೆಯ ಕೊಟ್ಟಿಗೆಯಲ್ಲಿ ಇಟ್ಟಿರುತ್ತಾರೆ. 20 ಮಿಲಿಮೀಟರ್ ಒಳವ್ಯಾಸದ ಕೊಳವೆ 30 ಮೀಟರ್ ಇದ್ದರೆ ಅದರೊಳಗೆ ನಿಂತ ತಣ್ಣೀರೇ ಒಂಬತ್ತು ಲೀಟರಿಗೂ ಹೆಚ್ಚು. ಕೈತೊಳೆಯುವ ನಲ್ಲಿಯಲ್ಲಿ ಅದು ಖಾಲಿಯಾಗಲು ಎರಡು ನಿಮಿಷ. ಸದಾ ಬಿಸಿನೀರು ಸುತ್ತುತ್ತಿರುವ ಹಾಗೆ ಇನ್ನೊಂದು ಕೊಳವೆ ಹಾಕಬಹುದು, ಅದಕ್ಕೆ ಇನ್ನೊಂದು ಸಾಲು ತೂತು ಕೊರೆಯಬೇಕು. ಎರಡು ನಿಮಿಷ ಕಾಯುವುದೋ, ತೂತು ಕೊರೆಯುವುದೋ?

ಕಾಯಬಲ್ಲ ಅತಿಥಿಗಳನ್ನೇ ನಂಬಿ ನಡೆಯುವವರೂ ಇದ್ದಾರೆ. 1965ರಲ್ಲಿ ಶುರುವಾದ ಬ್ರಿಟನ್ನಿನ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಅನ್ನುವ ಸಂಸ್ಥೆ ಬಿದ್ದುಹೋಗುವ ಹಳೆಯ ಕಟ್ಟಡ ಕೊಂಡು ದುರಸ್ತಿ ಮಾಡಿ ಬಾಡಿಗೆಗೆ ಕೊಡುತ್ತದೆ, ಆ ದುಡ್ಡಿನಲ್ಲೇ ಅದನ್ನು ನೋಡಿಕೊಳ್ಳುತ್ತದೆ. ಪಲ್ಲಾದಿಯೊನ ವಿಲ್ಲಾ ಸರಾಚೆನೊ ಕೂಡ ಅವರ ಕೈಯಲ್ಲಿದೆ. ಅಲ್ಲಿ ಟಿವಿ ಇಲ್ಲ, ಅಡುಗೆ ನಿಮ್ಮದೇ. ಇಡೀ ಮನೆಯನ್ನು ಒಂದೇ ಗುಂಪಿಗೆ ಕೊಡುವುದರಿಂದ ಕೋಣೆಗೊಂದು ಬಚ್ಚಲು ಅನ್ನುವ ಹಟ ಬೇಕಿಲ್ಲ. ಇದು ನನಗೆ ಬಹಳ ಇಷ್ಟವಾದ ಪರಿಹಾರ, ಯಾಕೆ ಅಂತ ಹೇಳಬೇಕಿಲ್ಲ.

ಕೊನೆಗೆ ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಹಿರಿಯರೊಬ್ಬರು ಎದ್ದು, ‘ಸ್ವಾಮಿ, ನನಗೆ ಮಂಡಿನೋವು. ನಿಮ್ಮ ಮೆಟ್ಟಿಲು ನಿಮಗೆ ಕಲೆ, ನನಗೆ ಶಿಕ್ಷೆ. ನನ್ನಂಥವರು ಅಲ್ಲಿ ಇರುವುದೇ ಬೇಡವೇ?’ ಅಂದರು. ಸಭೆ ನಕ್ಕಿತು, ಆದರೆ ಅವರು ತಮಾಷೆ ಮಾಡುತ್ತಿರಲಿಲ್ಲ. ಅವರ ಮಾತು ಸರಿ. ಬಾರ್ಕೆಸ್ಸದಲ್ಲಿ, ದನ ಕಟ್ಟುತ್ತಿದ್ದ ನೆಲಮಟ್ಟದಲ್ಲಿ, ಚಿತ್ರವೂ ಇಲ್ಲ, ತೊಲೆಯ ನೆಲವೂ ಇಲ್ಲ. ಅಲ್ಲಿ ನೆಲ ಅಗೆದು ಕೊಳವೆ ಹಾಕಿ, ಮೆಟ್ಟಿಲಿಲ್ಲದ ಅಗಲವಾದ ಬಚ್ಚಲು ಮಾಡಬಹುದು. ಮಾಡಿಯೂ ಇದ್ದಾರೆ. ‘ಹಾಗಾದರೆ ನನ್ನನ್ನು ಕೊಟ್ಟಿಗೆಯಲ್ಲಿ ಮಲಗಿಸುತ್ತೀರಿ’ ಅಂದರು. ಹೌದು ಸರ್, ಆದರೆ ಇಡೀ ಮನೆಯಲ್ಲಿ ಒಳ್ಳೆಯ ಬಚ್ಚಲು ಅಲ್ಲೇ ಇರುವುದು ಅಂದೆ.

ಇನ್ನೊಬ್ಬರು ಕೇಳಿದ್ದು, ‘ಒಳ್ಳೆಯ ದುರಸ್ತಿ, ಕೆಟ್ಟ ದುರಸ್ತಿ ಅಂತ ನಮ್ಮಂಥವರಿಗೆ ಗೊತ್ತಾಗುವುದು ಹೇಗೆ?’ ಅಂತ. ಇದಕ್ಕೆ ಉತ್ತರ ಕೊಡುವ ಬದಲು ಆ ವೆನೆತೊ ಹೋಟೆಲಿನಲ್ಲಿ ಕೋಣೆ ಸ್ವಚ್ಛ ಮಾಡಲು ಬರುತ್ತಿದ್ದ ಹೆಂಗಸಿನ ಬಗ್ಗೆ ಹೇಳಿದೆ. ಅರವತ್ತು ದಾಟಿದ್ದಿರಬೇಕು. ಚಿಕ್ಕವಳಿದ್ದಾಗ ಅದೇ ಅಟ್ಟದಲ್ಲಿ ಅಜ್ಜಿಯ ಜೊತೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳಂತೆ. ಎಲೆ ತಿನ್ನುವ ಸದ್ದು ಮಳೆ ಬಂದ ಹಾಗೆ ಕೇಳಿಸುತ್ತಿತ್ತು ಅಂತ, ಹೋಟೆಲಿನ ಹುಡುಗನೊಬ್ಬ ಅವಳ ಮಾತನ್ನು ನನಗೆ ತಿಳಿಸಿ ಹೇಳಿದ. ಬಚ್ಚಲ ಬಾಗಿಲಿನಲ್ಲಿ ‘ಸ್ನಾನ ಆದ ಮೇಲೆ ಕಿಟಕಿ ತೆರೆಯಿರಿ’ ಅಂತ ಚೀಟಿ ಇತ್ತು. ಮೊದಲೆರಡು ದಿನ ಚಳಿ ಅಂತ ನಾನು ತೆರೆಯಲಿಲ್ಲ. ನಾನೇ!

ಮೂರನೇ ದಿನ ಬೆಳಗ್ಗೆ ಅವಳು ಒಳಗೆ ಬಂದವಳು ಹಾಸಿಗೆ ಮುಟ್ಟಲಿಲ್ಲ. ನೇರ ಹೋಗಿ ಬಚ್ಚಲ ಪಕ್ಕದ ಗೋಡೆಗೆ, ಜ್ವರ ನೋಡುವಾಗ ಮಗುವಿನ ಹಣೆ ಮುಟ್ಟುತ್ತೇವಲ್ಲ ಹಾಗೆ, ಹಿಂಗೈ ಒತ್ತಿ ನಿಂತಳು. ಆಮೇಲೆ ನನ್ನ ಕಡೆ ಒಂದು ಸಲ ನೋಡಿ, ಮೊಣಕಾಲ ಮಟ್ಟದ ಆ ಕಿಟಕಿಯನ್ನು ಬಗ್ಗಿ ತೆರೆದಳು. ನಾಲ್ಕನೇ ದಿನ ನಾನು ಬೇಗ ಎದ್ದು, ಮಿಂದು, ಅವಳು ಬರುವ ಮೊದಲೇ ಕಿಟಕಿ ತೆರೆದಿಟ್ಟು, ಕೋಟು ಹಾಕಿಕೊಂಡು ಮಂಚದ ಮೇಲೆ ಕೂತಿದ್ದೆ. ಅವಳು ಬಂದು, ಗೋಡೆ ಮುಟ್ಟಿ ನೋಡಿ, ಏನೂ ಅನ್ನದೆ ಹಾಸಿಗೆ ಸರಿಮಾಡಲು ಶುರುಮಾಡಿದಳು.